ಬೇಕಾಗಿದ್ದಾರೆ: ಒಬ್ಬರು

ಆರ್ಡರ್ ಇಲ್ಲವೆಂದು ಚಾಮರಾಜನಗರದ ಗಾರ್ಮೆಂಟ್ಸ್‌ನವರು ಚಂದಕವಾಡಿ ಕಡೆಯ ನಮ್ಮ ಆರು ಜನ ಹೆಂಗಸರನ್ನು ಒಂದೇ ದಿನ ಮನೆಗೆ ಕಳಿಸಿದರು. ಆರು ಜನರಲ್ಲಿ ಇಂಗ್ಲಿಷ್ ಅಕ್ಷರ ಕೂಡಿಸಿ ಓದುವವಳು ನಾನೊಬ್ಬಳೇ. ಹಾಗಾಗಿ ಫೋನಿನಲ್ಲಿ ಕೆಲಸ ಹುಡುಕುವುದು ನನ್ನ ತಲೆಗೆ ಬಿತ್ತು. ಮಗಳ ಕಾಲೇಜು ನನ್ನ ಸಂಬಳದ ಮೇಲೇ ನಿಂತಿತ್ತು. ಅವಳನ್ನು ಬಿಡಿಸುವ ಮಾತೇ ಇಲ್ಲ ಎಂದು ಅವತ್ತೇ ತೀರ್ಮಾನ ಮಾಡಿಬಿಟ್ಟೆ.

ಮೊದಮೊದಲು ಜಾಹೀರಾತಿಗೆ ಬರವಿರಲಿಲ್ಲ. ಟೈಲರ್ ಬೇಕು, ಚೆಕಿಂಗಿಗೆ ಬೇಕು, ಊಟ ಫ್ರೀ, ವ್ಯಾನ್ ಫ್ರೀ. ಬರಬರುತ್ತಾ ಊಟ ಹೋಯಿತು, ವ್ಯಾನೂ ಹೋಯಿತು. ಐವತ್ತು ಜನ ಬೇಕೆನ್ನುತ್ತಿದ್ದವರು ಐದು ಜನರಿಗೆ ಇಳಿದರು. ಆಳು ಕಮ್ಮಿಯಾದಷ್ಟೂ ಓದು ಜಾಸ್ತಿ ಕೇಳುತ್ತಿದ್ದರು. ಡಬ್ಬಕ್ಕೆ ಟೇಪು ಅಂಟಿಸಲು ಡಿಗ್ರಿಯಂತೆ, ಥೂ! ಕೆಲವು ಜಾಹೀರಾತುಗಳಂತೂ ತಿಂಗಳುಗಟ್ಟಲೆ ಅಲ್ಲೇ ಕೂತಿರುತ್ತಿದ್ದವು. ಫೋನ್ ಮಾಡಿದರೆ, ಕೆಲಸ ಖಾಲಿ ಇಲ್ಲ, ಸುಮ್ಮನೆ ಹಾಕಿದ್ದೀವಿ ಎನ್ನುವರು. ಬೈದು ಇಡುತ್ತಿದ್ದೆ, ಮತ್ತೆ ಹುಡುಕುತ್ತಿದ್ದೆ.

ಒಂದು ದಿನ ಗುಂಡ್ಲುಪೇಟೆಯ ತರಕಾರಿ ಮಂಡಿಯೊಂದರ ಜಾಹೀರಾತು ಬಂತು: ಪ್ಯಾಕಿಂಗಿಗೆ ಒಬ್ಬ ಮಹಿಳೆ ಬೇಕಾಗಿದ್ದಾರೆ. ಮಾರನೇ ಬೆಳಿಗ್ಗೆ ಬಸ್ಸಿಗೆಂದು ಬಂದರೆ ಮಿಕ್ಕ ಐವರೂ ಬುತ್ತಿ ಕಟ್ಟಿಕೊಂಡು ನಿಂತಿದ್ದಾರೆ!

"ಒಬ್ರುನ್ನೇ ಕೇಳಿರಾದು ಕಣ್ರವ್ವ," ಅಂದೆ.

ನಮ್ಮಲ್ಲಿ ಹಿರಿಯಳು, ಐವತ್ತು ದಾಟಿದವಳು, ನನ್ನನ್ನೇ ಗದರಿದಳು. "ಕಳೆ ಕೀಳಕ್ಕೆ ಒಬ್ಳುನ್ನ ಕರುದ್ರೆ ಗುಂಪೇ ಓಗಾಕಿಲ್ವ? ಇದೂ ಅಂಗೇ ಕಣಮ್ಮಿ. ನಡಿ, ಓಗನ."

ಮಂಡಿಯ ಮ್ಯಾನೇಜರ್ ಹೌಹಾರಿದ. "ಇದೇನು, ದಿಬ್ಬಣ ಬಂದದಾ?" ಎಂದವನು ನನ್ನ ಕಡೆ ಬೆರಳು ಮಾಡಿ, "ನೀವೊಬ್ರು ಇರಿ, ಮಿಕ್ಕೋರು ಒರಡಿ," ಅಂದ. ಮಗಳ ಮುಖ ಕಣ್ಣ ಮುಂದೆ ಬಂತು. ಆದರೂ ಐವರನ್ನು ಬೀದಿಯಲ್ಲಿ ಬಿಟ್ಟು ಒಳಗೆ ಹೋಗಲು ಕಾಲು ಬರಲಿಲ್ಲ.

ಅಂಗಳದಲ್ಲಿ ಕೇರಳದ ಲಾರಿಯೊಂದು ಅರ್ಧ ತುಂಬಿ ನಿಂತಿತ್ತು. ರಾತ್ರಿ ಒಂಬತ್ತಾದರೆ ಕೇರಳಕ್ಕೆ ಹೋಗುವ ಮದ್ದೂರಿನ ಕಾಡುದಾರಿಗೆ ಗೇಟು ಬೀಳುತ್ತದೆ, ಆಮೇಲೆ ಬೆಳಗಿನವರೆಗೂ ಬಿಡುವುದಿಲ್ಲ. ಡ್ರೈವರ್ ಮಲಯಾಳದಲ್ಲಿ ಕೂಗಾಡುತ್ತಿದ್ದ. ರಾಶಿ ಟೊಮೆಟೊ ಮುಂದೆ ಆರಿಸುವವರು ಇಬ್ಬರೇ.

"ಲಾರಿ ನಾವು ತುಂಬುಸ್ತೀವಿ. ಆಮ್ಯಾಕೆ ಮಾತಾಡನ," ಅಂದವಳೇ ಸೆರಗು ಸಿಕ್ಕಿಸಿದೆ. ಮ್ಯಾನೇಜರ್ ಖಾಲಿ ಡಬ್ಬಗಳ ಕಡೆ ಕೈ ತೋರಿಸಿದ.

ಕತ್ತಲಾಗುವ ಮುಂಚೆ ಲಾರಿ ಹೊರಟಿತು. ಮ್ಯಾನೇಜರ್ ತಲೆ ಕೆರೆದುಕೊಂಡ. "ಓನರ್ರು ಕಂಪ್ಯೂಟರ್‌ಗೆ ಒಂದೇ ಎಸರು ಸೇರ್ಸು ಅಂದವ್ರೆ. ನಾನೇನ್ ಮಾಡ್ಲಮ್ಮ?"

"ಒಂದೇ ಸೇರುಸ್ಕೊಳಿ. ನಾವು ಆರು ಜನ ಬತ್ತೀವಿ. ಆಳಿನ ಲೆಕ್ಕ ಬ್ಯಾಡ, ಲಾರಿ ಲೆಕ್ಕದಲ್ಲಿ ಗುತ್ತಿಗೆ ಕೊಡಿ. ಇಲ್ದಿದ್ರೆ ನಾನೂ ಬರಾಕಿಲ್ಲ."

"ನೋಡನ ಬುಡಿ," ಎಂದವನು ಒಳಗೆ ಹೋಗಿ ಲೆಕ್ಕದ ಪುಸ್ತಕ ಬಿಡಿಸಿದ. ಮನೆ ಸೇರುವವರೆಗೂ ನನ್ನ ಬಾಯಿಗೆ ನಾನೇ ಶಾಪ ಹಾಕಿಕೊಂಡೆ.

ಮರುದಿನ ಆರೂ ಜನ ಹೋದೆವು. ಗೇಟಿನಲ್ಲಿ ಕಾವಲಿನವನು ತಡೆದ. ಪಟ್ಟಿಯಲ್ಲಿರುವ ಒಬ್ಬಳನ್ನೇ ಬಿಡಬೇಕಂತೆ, ಹೆಸರು ಹೇಳಬೇಕಂತೆ. ಹಿರಿಯಳು ಮುಂದೆ ನುಗ್ಗಿ ನನ್ನ ಹೆಸರು ಹೇಳಿ ಒಳಗೆ ನಡೆದೇಬಿಟ್ಟಳು. ಅವಳ ಹಿಂದಿನವಳೂ ನನ್ನ ಹೆಸರನ್ನೇ ಹೇಳಿದಳು. ಅವಳ ಹಿಂದಿನವಳೂ ಅದನ್ನೇ! ಕಾವಲಿನವನು ಬಾಯಿ ಬಿಟ್ಟುಕೊಂಡು ನಿಂತ. ಒಳಗಿನಿಂದ ನೋಡುತ್ತಿದ್ದ ಮ್ಯಾನೇಜರ್‌ಗೆ ನಗು ತಡೆಯಲಾಗಲಿಲ್ಲ. "ಬುಡಯ್ಯಾ, ಎಲ್ರುನ್ನೂ ಬುಡು," ಅಂದ.

ಕೊನೆಗೆ ನನ್ನ ಸರದಿ ಬಂದಾಗ ಹೆಸರು ಕೇಳುವವರೇ ಇರಲಿಲ್ಲ.