ಭಾವ ಇಳಿಸಿದ ಹಾಡು

ನಮ್ಮ ಭಾವನ ಬಗ್ಗೆ ಬರೆಯಬೇಕು ಅನ್ನಿಸಿದ್ದು ಒಂದೇ ಕಾರಣಕ್ಕೆ. ತಪ್ಪು ಎಲ್ಲರೂ ಮಾಡುತ್ತೇವೆ. ಸ್ವಲ್ಪ ದಿನ ತಲೆ ತಗ್ಗಿಸಿ ಓಡಾಡಿ ಮರೆತುಬಿಡುತ್ತೇವೆ. ಇವರು ಮಾತ್ರ ತಮ್ಮ ತಪ್ಪನ್ನು ಅಂಗಡಿಗೆ ಬಂದವರನ್ನೆಲ್ಲ ಕೂರಿಸಿ ಕೇಳಿಸುತ್ತಾರೆ. ಕೇಳಿಸುವಾಗ ಪ್ರತಿ ಸಲವೂ ಅವರ ಕಿವಿ ಕೆಂಪಾಗುತ್ತದೆ. ಅಂಥ ಇನ್ನೊಬ್ಬರನ್ನು ನಾನು ಕಂಡಿಲ್ಲ.

ಭಾವ ಎಂದರೆ ನನ್ನ ಅಕ್ಕನ ಗಂಡ. ರೇಡಿಯೊ, ಟೇಪ್ ರೆಕಾರ್ಡರ್ ರಿಪೇರಿ ಅವರ ಕೆಲಸ. ಪಕ್ಕದಲ್ಲೇ ನನ್ನ ಸೈಕಲ್ ಅಂಗಡಿ. ನಡುವೆ ಹಲಗೆಯ ಗೋಡೆ. ಅಲ್ಲಿ ಏನು ಹಾಡಿದರೂ ಇಲ್ಲಿ ನನ್ನ ಸ್ಪ್ಯಾನರ್ ಅದೇ ತಾಳಕ್ಕೆ ತಿರುಗುತ್ತದೆ.

ಕ್ಯಾಸೆಟ್ ಕಾಲದಲ್ಲಿ ಆ ಹಳೆಯ ರಾಕ್ ಬ್ಯಾಂಡಿನ ರೆಕಾರ್ಡುಗಳು ಊರಲ್ಲಿ ಇದ್ದದ್ದು ಭಾವನ ಹತ್ತಿರ ಮಾತ್ರ. ನಾಲ್ಕು ಜನ, ಉದ್ದ ಕೂದಲು, ಅರಚುವ ಗಿಟಾರು. ಬ್ಯಾಂಡಿನ ಹೆಸರು ಬಾಯಿಗೆ ಬಾರದವರು "ಆ ಜುಟ್ಟಿನೋರ ಹಾಡು ಹಾಕ್ಕೊಡಿ" ಎಂದು ಬರುತ್ತಿದ್ದರು. ಭಾವ ಒಳ್ಳೊಳ್ಳೆಯ ಹಾಡುಗಳನ್ನು ಆರಿಸಿ ಒಂದು ಕ್ಯಾಸೆಟ್ಟಿಗೆ ತುಂಬಿದರು. ಅದರಿಂದಲೇ ಎಲ್ಲರಿಗೂ ನಕಲು. ಯಾವ ಮನೆಯಲ್ಲಿ ಟೇಪ್ ಒತ್ತಿದರೂ ಮೊದಲು ರೈಲಿನ ಹಾಡು, ಆಮೇಲೆ ಜಗಳದ ಹಾಡು, ಕಟ್ಟಕಡೆಗೆ ನದಿಯ ಹಾಡು.

ನದಿಯ ಹಾಡು ಬಹಳ ಉದ್ದ. ಕ್ಯಾಸೆಟ್ಟಿನಲ್ಲಿ ಜಾಗ ಸಾಲಲಿಲ್ಲ. ಹಾಡುವವನ ದನಿ ನಿಂತ ಮೇಲೆ ಗಿಟಾರು ಒಂದೇ ಬಹಳ ಹೊತ್ತು ನುಡಿಯುತ್ತದೆ. ಮಾತಿಲ್ಲದ ಭಾಗವನ್ನು ಯಾರು ಹುಡುಕುತ್ತಾರೆ ಎಂದುಕೊಂಡು ಭಾವ ಅಲ್ಲಿ ಗುಂಡಿ ತಿರುಗಿಸಿ ಮೆಲ್ಲಗೆ ದನಿ ಇಳಿಸಿಬಿಟ್ಟರು. ಹಾಡೇ ಅಲ್ಲಿಗೆ ಮುಗಿಯಿತು ಅನ್ನಬೇಕು, ಅಷ್ಟು ನಯವಾಗಿ. ಆ ಕೈಚಳಕಕ್ಕೆ ಒಳಗೊಳಗೇ ಹೆಮ್ಮೆಯೂ ಇತ್ತು.

ಅವರ ಮಗಳು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಕೆಲಸ ಮಾಡುತ್ತಾಳೆ, ಸಂಜೆ ಗಿಟಾರು ನುಡಿಸುತ್ತಾಳೆ. ಅದೇ ಕ್ಯಾಸೆಟ್ ಕೇಳಿ ಬೆಳೆದವಳು. ಒಂದು ದಿನ ಫೋನಿನಲ್ಲಿ ಪೂರ್ತಿ ಹಾಡು ಕೇಳಿ ಅಂಗಡಿಗೆ ಓಡಿಬಂದಳು.

"ಅಪ್ಪಾ, ನದಿ ಹಾಡು ಇನ್ನೂ ಇದೆ! ನಿನ್ನ ಕ್ಯಾಸೆಟ್‌ನಲ್ಲಿ ಯಾಕಿಲ್ಲ?"

ಭಾವ ಕೈಯಲ್ಲಿದ್ದ ರೇಡಿಯೊದಿಂದ ತಲೆ ಎತ್ತಲಿಲ್ಲ. "ಅದು ಬೇರೆ ಸಲ ಹಾಡಿದ್ದಿರ್ಬೇಕು ಕಣೆ."

ಅವಳು ನಂಬಿದಳು. ನಾನೂ ನಂಬಿದೆ.

ಆ ಗಿಟಾರಿನ ಭಾಗದ ಹಿಂದೆ ಅವಳು ತಿಂಗಳುಗಟ್ಟಲೆ ಬಿದ್ದಳು. ಬೆರಳ ತುದಿಗಳು ಗಟ್ಟಿಯಾದವು. "ಒಲೆ ಮೇಲಿನ ಪಾತ್ರೇನ ಇನ್ಮೇಲೆ ನೀನೇ ಇಳಿಸು, ನಿನ್ನ ಬೆರಳಿಗೇನೂ ಆಗಲ್ಲ" ಎಂದು ಅಕ್ಕ ಕಿಚಾಯಿಸುತ್ತಿದ್ದಳು. ಕೊನೆಗೆ ಅವಳೂ ಗೆಳೆಯರೂ ಸೇರಿ ಜುಟ್ಟಿನವರ ಒಳ್ಳೆಯ ಹಾಡುಗಳನ್ನೆಲ್ಲ ಒಂದು ಸಂಜೆ ಹಾಲ್‌ನಲ್ಲಿ ನುಡಿಸುವುದೆಂದು ನಿಶ್ಚಯವಾಯಿತು.

"ಮಾಮ, ಕೊನೇದನ್ನ ಗಮನ ಇಟ್ಟು ಕೇಳು. ಅದು ನಂದು" ಎಂದಿದ್ದಳು.

ಹಾಲ್ ತುಂಬಿತ್ತು. ಕೊನೆಗೆ ನದಿಯ ಹಾಡು ಬಂತು. ಹಾಡುವ ಹುಡುಗ ನಿಲ್ಲಿಸಿದ. ಅವಳ ಗಿಟಾರು ಆಗಷ್ಟೇ ಶುರುವಾಯಿತು. ಅಷ್ಟರಲ್ಲಿ ಇಡೀ ಹಾಲ್ ಚಪ್ಪಾಳೆ ಹೊಡೆದು ಎದ್ದುಬಿಟ್ಟಿತು. ಕುರ್ಚಿಗಳ ಸದ್ದು, ಚಪ್ಪಲಿ ಹುಡುಕುವ ಸದ್ದು. "ಇನ್ನೂ ಇದೆ, ಇನ್ನೂ ಇದೆ" ಎಂದು ಹುಡುಗ ಮೈಕಿನಲ್ಲಿ ಹೇಳಿದ್ದು ಯಾರಿಗೂ ಕೇಳಲಿಲ್ಲ. ನಾನೂ ಎದ್ದು ಭೇಷ್ ಅಂದೆ. ಅವಳು ನಮ್ಮ ಬೆನ್ನುಗಳಿಗೆ ಸ್ವಲ್ಪ ಹೊತ್ತು ನುಡಿಸಿದಳು. ಆಮೇಲೆ ತಂತಿಗಳ ಮೇಲೆ ಅಂಗೈ ಇಟ್ಟಳು.

ಕೂತಿದ್ದವರು ಭಾವ ಒಬ್ಬರೇ. ನೆಲ ನೋಡುತ್ತಿದ್ದರು. ಅಲ್ಲೇ ಚಪ್ಪಾಳೆ ಹೊಡೆಯಿರಿ ಎಂದು ಯಾರೂ ಯಾರಿಗೂ ಹೇಳಿರಲಿಲ್ಲ. ಎಲ್ಲರ ಕಿವಿಯಲ್ಲೂ ಗುಂಡಿ ತಿರುಗಿಸಿದ ಭಾವನ ಕೈ ಇತ್ತು, ಅಷ್ಟೆ.

ಬಾಗಿಲಲ್ಲಿ ಬೇಕರಿಯವನು ಅವರ ಕೈ ಹಿಡಿದು ಕುಲುಕಿದ. "ಮಗಳು ಥೇಟ್ ನಿಮ್ಮ ಕ್ಯಾಸೆಟ್ ಇದ್ದ ಹಾಗೇ ನುಡಿಸಿದ್ಲು ಸ್ವಾಮಿ!"

ಭಾವನಿಗೆ ಆ ಕೈ ಬಿಡಿಸಿಕೊಳ್ಳಲೂ ಆಗಲಿಲ್ಲ.

ಮರುದಿನ ಮಧ್ಯಾಹ್ನ ಅಕ್ಕನ ಮನೆಗೆ ಊಟಕ್ಕೆ ಹೋದಾಗ ಗಿಟಾರು ಬೀರುವಿನ ಮೇಲೇರಿತ್ತು. ಮಗಳು ತಟ್ಟೆ ಮುಟ್ಟಿರಲಿಲ್ಲ.

"ಕೂತು ಕೇಳೋಕೂ ಆಗದಷ್ಟು ಕೆಟ್ಟದಾಗಿತ್ತಾ ಮಾಮ? ಇನ್ನು ಅದನ್ನ ಮುಟ್ಟಲ್ಲ."

ಭಾವ ತಟ್ಟೆ ಸರಿಸಿದರು.

"ಕೆಟ್ಟದಾಗಿರ್ಲಿಲ್ಲಮ್ಮ. ಹಾಡು ಮುಗೀತು ಅಂದ್ಕೊಂಡ್ರು. ನಾನೇ ಅಲ್ಲಿಗೆ ಇಳ್ಸಿದ್ದೆ. ಕ್ಯಾಸೆಟ್‌ನಲ್ಲಿ ಜಾಗ ಇರ್ಲಿಲ್ಲ. ಬೇರೆ ಸಲ ಹಾಡಿದ್ದು ಅಂದೆನಲ್ಲ, ಅದು ಸುಳ್ಳು."

ಅಕ್ಕ ಸೌಟು ಹಿಡಿದು ನಿಂತಳು. "ಒಂದು ಹಾಡು ಕಮ್ಮಿ ತುಂಬಿದ್ರೆ ನಿಮ್ಮ ಗಂಟೇನ್ರೀ ಹೋಗ್ತಿತ್ತು?"

ಮಗಳು ಅಪ್ಪನ ಕಡೆ ತಿರುಗಿದಳು. "ನಂಗೆ ಹೇಳಿದ್ರೆ ಏನು ಬಂತಪ್ಪಾ? ಎದ್ದು ಹೋದೋರು ಅವರು. ಅವರಿಗೆ ಹೇಳು."

ಸಂಜೆಯೇ ಭಾವ ಅಂಗಡಿಯ ಮುಂದೆ ಒಂದು ಸ್ಟೂಲ್ ಹಾಕಿದರು. ಹಲಗೆ ಗೋಡೆ ಬಡಿದು ನನ್ನನ್ನೇ ಮೊದಲು ಕರೆದರು. "ಬಾರಯ್ಯ, ಎದ್ದು ಹೋದೋರಲ್ಲಿ ನೀನೂ ಒಬ್ಬ. ಕೂತ್ಕೋ." ರೆಕಾರ್ಡ್ ಹಾಕಿದರು. ಆ ಜಾಗ ಬಂದಾಗ ಬೆರಳೆತ್ತಿ, "ಇಲ್ಲಿ ನಾನು ಇಳ್ಸಿದ್ದು" ಎಂದರು. ಮುಂದಿನದು ಪೂರ್ತಿ ನುಡಿಯಿತು. ತಮಾಷೆ ಮಾಡಬೇಕೆಂದುಕೊಂಡು ಬಂದವನು ಕೊನೆಯವರೆಗೂ ಕೂತೆ.

ಆಮೇಲೆ ಬಂದವರಿಗೆಲ್ಲ ಇದೇ. "ಹೋಗ್ಲಿ ಬಿಡಿ, ಯಾವ ಕಾಲದ್ದೋ" ಎಂದು ಎದ್ದವರನ್ನೂ ಬಿಡುವುದಿಲ್ಲ. "ಕೂತ್ಕೊಳ್ಳಿ, ಇನ್ನೂ ಇದೆ."

ಗಿಟಾರು ಬಹಳ ದಿನ ಬೀರುವಿನ ಮೇಲೇ ಇತ್ತು. ಒಂದು ಸಂಜೆ ಅವಳು ಪ್ರೆಸ್ಸಿನಿಂದ ಬರುವಾಗ ಬೇಕರಿಯವನು ಸ್ಟೂಲಿನಲ್ಲಿ ಕೂತು ಕಣ್ಣು ಮುಚ್ಚಿ ಕೇಳುತ್ತಿದ್ದ. ಮುಗಿದ ಮೇಲೂ ಏಳಲಿಲ್ಲ. ಅವಳು ನಿಂತು ನೋಡಿ ಮನೆಗೆ ಹೋದಳು. ಮಾರನೆಯ ಸಂಜೆ ಗಿಟಾರು ಹೆಗಲಿಗೆ ಹಾಕಿಕೊಂಡು ಬಂದಳು. ರೆಕಾರ್ಡಿನಲ್ಲಿ ಆ ಜಾಗ ಬಂದಾಗ ಭಾವ ಅಂದು ಕ್ಯಾಸೆಟ್ಟಿಗೆ ಮಾಡಿದಂತೆಯೇ ಗುಂಡಿ ತಿರುಗಿಸಿ ದನಿ ಇಳಿಸಿದರು. ಉಳಿದದ್ದನ್ನು ಅವಳು ನುಡಿಸಿದಳು. ಭಾವ ಮಾತ್ರ ನೆಲ ನೋಡುತ್ತಲೇ ಇದ್ದರು. ಈಗಲೂ ಪ್ರತಿ ಸಂಜೆ ಹಾಗೇ.

ನೀವೂ ಒಂದು ಸಂಜೆ ಹೋಗಿ. ಹೊರಗೆ ಟೈರು ತೂಗುಹಾಕಿರುವುದು ನನ್ನ ಅಂಗಡಿ, ಅದರ ಪಕ್ಕದ ಬಾಗಿಲು. ಹಳೆಯ ಕ್ಯಾಸೆಟ್ ಇದ್ದರೆ ತೆಗೆದುಕೊಂಡು ಹೋಗಿ. ಭಾವ ನಿಮ್ಮ ಮುಖ ನೋಡಿ ಮಾತಾಡದಿದ್ದರೆ ಬೇಸರ ಮಾಡಿಕೊಳ್ಳಬೇಡಿ. ಸ್ಟೂಲಿನ ಮೇಲೆ ಕೂತಿರಿ. ಅವಳು ತಂತಿಯಿಂದ ಕೈ ತೆಗೆಯುವವರೆಗೂ ಚಪ್ಪಾಳೆ ಹೊಡೆಯಬೇಡಿ.