ಯಜಮಾನರು ಹೊರಗೆ ಹೋಗಿದ್ದಾರೆ

ಫ್ಯಾನು, ಮಿಕ್ಸಿ, ನೀರೆತ್ತುವ ಮೋಟರು, ಯಾವುದು ಕೆಟ್ಟರೂ ಆತ ಮೊದಲು ಹೇಳುತ್ತಿದ್ದುದು ಒಂದೇ ಮಾತು: "ಕಂಡೆನ್ಸರ್ ಹೋಗಿದೆ." ಹೆಂಡತಿ ಮುನಿಸಿಕೊಂಡು ಮಾತು ಬಿಟ್ಟರೂ ಅದೇ ಮಾತು. ಹಾಗಾಗಿ ಬೀದಿಯವರೆಲ್ಲ ಅವನಿಗೆ ಕಂಡೆನ್ಸರ್ ಅಂತಲೇ ಹೆಸರಿಟ್ಟಿದ್ದರು. ಮೀಸೆ ಮೂಡುವ ಮೊದಲೇ ದೊಡ್ಡ ಬೀದಿಯ ರಿಪೇರಿ ಅಂಗಡಿ ಸೇರಿದವನು, ಮೀಸೆ ನರೆಯುವ ತನಕ ಅಲ್ಲೇ ಸ್ಟೂಲಿನ ಮೇಲೆ ಕೂತು ಸುಟ್ಟ ಕಾಯಿಲ್ ಬಿಚ್ಚಿ ಹೊಸ ತಂತಿ ಸುತ್ತಿದ. ಯಜಮಾನರು ಗಲ್ಲಾದ ಹಿಂದೆ ಕೂತು ಬೈಯುವುದು, ಇವನು ತಲೆ ತಗ್ಗಿಸಿ ಸುತ್ತುವುದು. ಬೈಗುಳ ನಿಂತರೆ ಇವನ ಕೈಯೂ ನಿಲ್ಲುತ್ತಿತ್ತು ಎಂದರೆ ನೋಡಿ!

ಒಂದು ದಿನ ಹೆಂಡತಿಗೆ ರೇಗಿತು. "ಕೆಲಸ ನಿಮ್ಮದು, ಹೆಸರು ಅವರದು. ಇನ್ನೂ ಎಷ್ಟು ದಿನ ಅಂತ ಅವರ ಮುಂದೆ ಕೈಕಟ್ಕೊಂಡು ನಿಲ್ತೀರಿ? ನಮ್ಮ ಮುಂದಿನ ಕೋಣೆ ಖಾಲಿ ಬಿದ್ದಿದೆಯಲ್ರೀ!" ತಾನೇ ಹಳೇ ಮಂಚ ಆಚೆಗೆ ಎಳೆದುಹಾಕಿ, ಬಾಗಿಲ ಮೇಲೆ ಬೋರ್ಡು ಬರೆಸಿದಳು.

ವಿಷಯ ಹೇಳಲು ಹೋದಾಗ ಹಳೇ ಯಜಮಾನರು ಹೊಟ್ಟೆ ಕುಣಿಸಿ ನಕ್ಕರು. "ನೀನು ಅಂಗಡಿ ನಡೆಸ್ತೀಯಾ? ಹೋಗು, ಹೋಗು. ನಿನ್ನ ಸ್ಟೂಲು ಇಲ್ಲೇ ಇರುತ್ತೆ."

ಆ ನಗು ಕಂಡೆನ್ಸರ್ ಎದೆಯಲ್ಲಿ ಮುಳ್ಳಿನ ಹಾಗೆ ಕೂತುಬಿಟ್ಟಿತು. ತನಗೆ ಅಂಗಡಿ ನಡೆಸಲು ಬರುತ್ತದೋ ಇಲ್ಲವೋ ಅವನಿಗೂ ಗೊತ್ತಿರಲಿಲ್ಲ.

ಅಂಗಡಿ ತೆರೆದ ದಿನವೇ ಮಿಕ್ಸಿ ಹಿಡಿದು ಒಬ್ಬ ಬಂದ. "ಯಜಮಾನ್ರಿದ್ದಾರಾ?"

"ಇಲ್ಲ, ಹೊರಗೆ ಹೋಗಿದ್ದಾರೆ."

ಹಳೇ ಅಂಗಡಿಯಲ್ಲಿ ನಾಲಿಗೆಗೆ ರೂಢಿಯಾಗಿದ್ದ ಉತ್ತರ ಅದು. ಬಂದವನು ಮಿಕ್ಸಿಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಬಂದ ದಾರಿ ಹಿಡಿದ. ಒಳಗಿದ್ದ ಹೆಂಡತಿ ಹಣೆ ಚಚ್ಚಿಕೊಂಡಳು. "ನೀವೇ ಅಲ್ವೇನ್ರೀ ಯಜಮಾನ್ರು?"

"ಹೌದಲ್ಲಾ! ಬಾಯಿಗೆ ಬರಲಿಲ್ಲ ಕಣೇ."

ಮಾರನೇ ದಿನವೂ ಬಾಯಿಗೆ ಬರಲಿಲ್ಲ. ರೇಟು ಕೇಳಿದರೆ "ಯಜಮಾನ್ರನ್ನ ಕೇಳಿ ಹೇಳ್ತೀನಿ." ಚೌಕಾಸಿ ಮಾಡಿದರೆ "ನಂದೇನಿಲ್ಲ ಸಾರ್, ಅವರು ಒಪ್ಪಲ್ಲ." ತಮಾಷೆ ಏನೆಂದರೆ, ಇಲ್ಲದ ಮನುಷ್ಯನ ಜೊತೆ ಯಾರು ತಾನೇ ಜಗಳ ಆಡುತ್ತಾರೆ? ಕೇಳಿದಷ್ಟು ಕೊಟ್ಟು ಹೋದರು. ಅಂಗಡಿ ತುಂಬ ಫ್ಯಾನಿನ ರೆಕ್ಕೆಗಳು ರಾಶಿ ಬಿದ್ದವು. ಬರಬರುತ್ತಾ ಆ ಇಲ್ಲದ ಯಜಮಾನರಿಗೆ ಸಿಡುಕು ಬಂತು, ಮಂಡಿನೋವು ಬಂತು, ಕೊನೆಗೆ ಒಂದು ಕೈಕುರ್ಚಿಯೂ ಬಂತು. ಕಂಡೆನ್ಸರ್ ದಿನಾ ಬೆಳಿಗ್ಗೆ ಆ ಕುರ್ಚಿಯನ್ನು ಒರೆಸಿ, ಆಮೇಲೆ ತಾನು ಸ್ಟೂಲಿನ ಮೇಲೆ ಕೂರುತ್ತಿದ್ದ.

"ನಿಮ್ಮ ಯಜಮಾನ್ರ ಮಂಡಿ ಹೇಗಿದೆ?" ಪಕ್ಕದ ಟೈಲರ್ ಕೇಳುತ್ತಿದ್ದ.

"ಊತ ಇಳಿದಿದೆ. ಸಿಟ್ಟು ಇಳಿದಿಲ್ಲ."

ಹೆಂಡತಿ ಇದನ್ನೂ ಸಹಿಸಿಕೊಂಡಳು. ಅವಳ ತಮ್ಮನ ಮದುವೆ ಬಂತು. ಅವಳು ಸೀರೆ ಉಟ್ಟು ಹೊರಟು ನಿಂತಾಗ ಈ ಮಹಾಶಯ ಸ್ಟೂಲು ಬಿಟ್ಟು ಏಳಲಿಲ್ಲ.

"ನೀನು ಹೋಗಿ ಬಾ. ಯಜಮಾನ್ರು ರಜೆ ಕೊಡಲ್ಲ."

"ಕೇಳಿದ್ರಾ?"

"ಕೇಳೋಕೆ ಧೈರ್ಯ ಬರಲಿಲ್ಲ."

ಮದುವೆ ಮುಗಿಸಿ ಬಂದವಳು ಕೈಚೀಲ ಕುಕ್ಕಿದಳು. "ಸಾಕು. ಇದಕ್ಕಿಂತ ಹಳೇ ಅಂಗಡೀನೇ ವಾಸಿ. ಅಲ್ಲಾದ್ರೆ ಯಜಮಾನ್ರು ಕಣ್ಣಿಗಾದ್ರೂ ಕಾಣ್ತಿದ್ರು. ಈ ಬೋರ್ಡು ಇಳಿಸಿ, ನಾಳೆಯಿಂದ ಅಲ್ಲಿಗೇ ಹೋಗಿ."

ಕಂಡೆನ್ಸರ್‌ಗೆ ಊಟ ಸೇರಲಿಲ್ಲ. ಬೆಳಿಗ್ಗೆ ಏಣಿ ತಂದು ಬೋರ್ಡಿನ ಕೆಳಗೆ ಒರಗಿಸಿದ. ಆದರೆ ಹತ್ತಲು ಕಾಲು ಬರಲಿಲ್ಲ. ಅಷ್ಟರಲ್ಲಿ, ಕರೆದ ಹಾಗೆ, ಹಳೇ ಯಜಮಾನರೇ ಏದುಸಿರು ಬಿಡುತ್ತಾ ಬಂದರು.

"ಲೋ, ಅಲ್ಲಿ ಫ್ಯಾನುಗಳೆಲ್ಲ ಹಾಗೇ ಬಿದ್ದಿವೆ. ಬಾರೋ ವಾಪಸ್. ನೀನು ಇಲ್ಲಿ ಯಾರ ಕೈಕೆಳಗೋ ಇದ್ದೀಯಂತೆ? ಕರಿ ಅವನ್ನ, ನಾನು ಮಾತಾಡ್ತೀನಿ."

"ಹೊರಗೆ ಹೋಗಿದ್ದಾರೆ."

"ಬರೋ ತನಕ ಕೂತಿರ್ತೀನಿ," ಎಂದು ಅವರು ದೊಪ್ಪಂತ ಕೈಕುರ್ಚಿಯಲ್ಲಿ ಕೂತೇಬಿಟ್ಟರು.

"ಏಳ್ರೀ ಮೇಲೆ!"

ಟೈಲರನ ಮಿಷಿನ್ ಗಕ್ಕನೆ ನಿಂತಿತು. ಅಷ್ಟು ದೊಡ್ಡ ದನಿ ತನ್ನ ಗಂಟಲಲ್ಲಿ ಇದೆ ಎಂದು ಕಂಡೆನ್ಸರ್‌ಗೇ ಗೊತ್ತಿರಲಿಲ್ಲ. "ಅದು ಯಜಮಾನ್ರ ಕುರ್ಚಿ! ನಾನೇ ಒಂದಿನ ಕೂತಿಲ್ಲ, ನೀವ್ಯಾರ್ರೀ ಕೂರೋಕೆ?"

ಹಳೇ ಯಜಮಾನರು ಧಡಕ್ಕನೆ ಎದ್ದು ನಿಂತರು. "ಯಾರಯ್ಯಾ ಅದು ಅಂಥ ಯಜಮಾನ?"

ಹೆಂಡತಿ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಾಗಿಲಿಗೆ ಬಂದಳು. "ಇವರೇ ನಮ್ಮ ಯಜಮಾನ್ರು."

"ಅದು ಮನೆಗೆ ಕಣಮ್ಮ. ನಾನು ಕೇಳಿದ್ದು ಅಂಗಡಿಗೆ."

"ಅಂಗಡಿಗೂ ಇವರೇ. ಈಗ ನಿಮ್ಮನ್ನ ಎಬ್ಬಿಸಿದ್ದು ಯಾರು ಮತ್ತೆ?"

ಕಂಡೆನ್ಸರ್ ಒಮ್ಮೆ ಹೆಂಡತಿಯನ್ನು, ಒಮ್ಮೆ ಕುರ್ಚಿಯನ್ನು ನೋಡಿದ. ಹೆಗಲ ಮೇಲಿನ ಬಟ್ಟೆಯಿಂದ ಕುರ್ಚಿ ಒರೆಸಿದ. ನಿಧಾನಕ್ಕೆ ಕೂತ. ಮಂಡಿ ಚಳಕ್ ಎಂದಿತು.

ಹಳೇ ಯಜಮಾನರು ನಿಂತೇ ಇದ್ದರು. ಕೂರಲು ಉಳಿದಿದ್ದು ಸ್ಟೂಲು ಮಾತ್ರ. ಅವರು ದನಿ ತಗ್ಗಿಸಿ ಕೇಳಿದರು: "ಹಾಗಾದ್ರೆ ಆ ಫ್ಯಾನುಗಳನ್ನ ಇಲ್ಲಿಗೇ ಕಳಿಸ್ಲಾ? ರೇಟು ಸ್ವಲ್ಪ ನೋಡ್ಕೊಂಡು ಹೇಳು."

"ಯಜಮಾನ್ರನ್ನ ಕೇಳಿ..." ಎಂದ ಕಂಡೆನ್ಸರ್, ಅರ್ಧಕ್ಕೇ ನಿಂತು ಕಣ್ಣು ಮುಚ್ಚಿದ. ಆಮೇಲೆ ಕಣ್ಣು ಬಿಟ್ಟು ಹೇಳಿದ:

"ಕೇಳಿದೆ. ಕಮ್ಮಿ ಮಾಡಲ್ಲ ಅಂತಾರೆ."