ತೊಟ್ಟಿಲಕ್ಕನ ಆಕ್ಷೇಪಣೆ

ನಮ್ಮಕ್ಕನಿಗೆ ಬೀದಿಯವರು ತೊಟ್ಟಿಲಕ್ಕ ಎಂದು ಹೆಸರಿಟ್ಟಿದ್ದಾರೆ. ಹೊಲಿಗೆ ಕಾರ್ಖಾನೆಗೆ, ಆಸ್ಪತ್ರೆಯ ಕೆಲಸಕ್ಕೆ, ಅಂಗಡಿಗಳಿಗೆ ಹೋಗುವ ತಾಯಂದಿರು ಬೆಳಿಗ್ಗೆ ತಮ್ಮ ಕೂಸುಗಳನ್ನು ಅವಳ ಕೈಗಿತ್ತು ಓಡುತ್ತಾರೆ. ಎರಡು ಕೋಣೆ, ಒಂದು ಹಜಾರ, ಹಿಂದುಗಡೆ ಸಿಮೆಂಟಿನ ಅಂಗಳ. ಹಗಲೆಲ್ಲ ಮಕ್ಕಳು ನೆಲದ ಮೇಲಿರುತ್ತವೆ, ನೆಲದ ಮೇಲಿರುವುದೆಲ್ಲ ಮಕ್ಕಳ ಬಾಯಲ್ಲಿರುತ್ತದೆ. ಅದಕ್ಕೇ ಅಕ್ಕ ಹೊತ್ತುಗೊತ್ತಿಲ್ಲದೆ ನೆಲ ಒರೆಸುತ್ತಾಳೆ. ನಾನು ಅವಳ ತಂಗಿ, ಅವಳ ಜೊತೆಗೇ ಕೆಲಸ. ಅವಳ ಬೈಗುಳದಲ್ಲೂ ನನಗೆ ಸಮಪಾಲು.

ಸಿಟ್ಟು ಅವಳಿಗೆ ಮೂಗಿನ ತುದಿಯಲ್ಲೇ. ಮಕ್ಕಳ ಮೇಲೆ ಮಾತ್ರ ಅದು ಯಾವತ್ತೂ ಇಳಿದದ್ದಿಲ್ಲ. ತಡವಾಗಿ ಬರುವ ತಾಯಿ, ನೀರು ಬಿಡಲು ಮರೆಯುವ ನಗರಸಭೆ, ಹಾಲಿಗೆ ನೀರು ಬೆರೆಸುವವನು, ಆಮೇಲೆ ಭಾವ, ಹೀಗೆ ದೊಡ್ಡವರಿಗೆಲ್ಲ ಸರದಿಯ ಮೇಲೆ ಸಿಗುತ್ತದೆ. ಭಾವ ಮೈಕ್ ಸೆಟ್ ಬಾಡಿಗೆಗೆ ಕೊಡುತ್ತಾರೆ. ಊರಿನ ಸಭೆಗಳಿಗೆಲ್ಲ ದನಿ ಒದಗಿಸುವ ಈ ಮನುಷ್ಯ ಮನೆಯಲ್ಲಿ ತುಟಿಪಿಟಕ್ಕೆನ್ನುವುದಿಲ್ಲ.

ಮಕ್ಕಳ ಅಂಗಳದ ಗೋಡೆಯಾಚೆ ಒಂದು ಖಾಲಿ ಜಾಗವಿದೆ. ಅಲ್ಲಿ ಹಳೆಯ ಬ್ಯಾಟರಿಗಳನ್ನು ಒಡೆದು ಸೀಸ ಕರಗಿಸುವ ಕಾರ್ಖಾನೆ ಬರುತ್ತದೆ ಎಂಬ ನೋಟಿಸು ಹೋದ ವರ್ಷ ಗೇಟಿಗೆ ಅಂಟಿತು. ಇಂಥದ್ದಕ್ಕೆಲ್ಲ ರಾಜ್ಯ ಸರ್ಕಾರದ ಪರಿಸರ ಇಲಾಖೆ ಪರವಾನಗಿ ಕೊಡಬೇಕು. ಕಂಪನಿ ತನ್ನ ಖರ್ಚಿನಲ್ಲೇ ಒಂದು ಪರಿಣಾಮ ವರದಿ ಬರೆಸುತ್ತದೆ, ಇಲಾಖೆ ಜನರನ್ನು ಕರೆದು ಅಹವಾಲು ಕೇಳುತ್ತದೆ, ಕೊನೆಗೆ ಒಂದು ಸಮಿತಿ ಕೂತು ಹೂಂ ಅಥವಾ ಊಹೂಂ ಅನ್ನುತ್ತದೆ. ನಾನು ಕಂಡಂತೆ ಒಂದೆರಡು ಷರತ್ತು ಹಾಕಿ ಹೂಂ ಅಂದದ್ದೇ ಹೆಚ್ಚು.

ವರದಿಯ ಪ್ರತಿಯನ್ನು ನಗರಸಭೆಯಲ್ಲಿಟ್ಟಿದ್ದರು. ನಾನೂ ಅಕ್ಕನೂ ಹೋಗಿ ಓದಿದೆವು. ಸುತ್ತಮುತ್ತ ಶಾಲೆಯಾಗಲಿ ಆಸ್ಪತ್ರೆಯಾಗಲಿ ಇಲ್ಲ, ಪಕ್ಕದಲ್ಲಿ ಒಂದು ವಾಸದ ಮನೆಯಿದೆ ಎಂದು ಬರೆದಿತ್ತು.

"ವಾಸದ ಮನೆಯಂತೆ! ಬಂದೋರು ಒಂದ್ಸಲ ಗೋಡೆ ಮೇಲಿಂದ ಇಣುಕಿದ್ರೂ ಗೊತ್ತಾಗ್ತಿತ್ತು. ಅಂಗಳದ ತುಂಬ ಚಡ್ಡಿ ಒಣಗ್ತಿರುತ್ತೆ," ಎಂದಳು ಅಕ್ಕ.

ಅಹವಾಲು ಸಭೆಗೆ ಮೈಕ್ ಯಾರದು? ಭಾವನದೇ. ಇಂಥ ಸಭೆಗಳಿಗೆ ಸಭಾಂಗಣ, ಕುರ್ಚಿ, ಮೈಕು, ಟೀ ಎಲ್ಲವೂ ಕಂಪನಿಯ ಖರ್ಚು. ಭಾವ ಇದರಲ್ಲಿ ಪಳಗಿದವರು. ಬೇಡದವರು ಮಾತಿಗೆ ನಿಂತಾಗ ಕಂಪನಿಯ ಮ್ಯಾನೇಜರು ಕರವಸ್ತ್ರ ತೆಗೆದು ಮುಖ ಒರೆಸಿಕೊಳ್ಳುತ್ತಾನೆ, ಆ ಕ್ಷಣಕ್ಕೆ ಮೈಕಿನ ಕರೆಂಟು ಹೋಗುತ್ತದೆ. ಈ ಗುಟ್ಟನ್ನು ಅವರೇ ಒಮ್ಮೆ ಊಟಕ್ಕೆ ಕೂತಾಗ ನಗುತ್ತ ಹೇಳಿದ್ದರು. ಅಕ್ಕ ಮಾತ್ರ ನಕ್ಕಿರಲಿಲ್ಲ.

"ಈ ಸಲದ ಕೆಲಸ ಒಪ್ಕೋಬೇಡಿ," ಎಂದಳು ಅವಳು.

"ನಾನು ಬೇಡ ಅಂದ್ರೆ ಇನ್ನೊಬ್ಬ ಬರ್ತಾನೆ. ಅಷ್ಟೇ ತಾನೇ ವ್ಯತ್ಯಾಸ?"

ಅಕ್ಕ ನೆಲ ಒರೆಸುವ ಬಟ್ಟೆಯನ್ನು ಹಿಂಡಿ ಹಾಕಿದಳು. "ಹಾಗಾದ್ರೆ ಒಪ್ಕೊಳ್ಳಿ. ನಾನೂ ಬರ್ತೀನಿ, ಮಾತಾಡ್ತೀನಿ. ನಿಮ್ಮ ಕೈ ಏನು ಮಾಡುತ್ತೋ ನೋಡೇಬಿಡೋಣ."

ಸಭೆಯ ದಿನ ಮಕ್ಕಳನ್ನು ಎದುರುಮನೆಯ ಅತ್ತೆ ಸೊಸೆಗೆ ಒಪ್ಪಿಸಿ, ಇವತ್ತೊಂದು ದಿನ ಜಗಳ ಆಡಬೇಡಿ ತಾಯಂದಿರಾ ಎಂದು ಕೈಮುಗಿದು ಹೊರಟೆವು. ಸಭಾಂಗಣದಲ್ಲಿ ಮುಂದಿನ ಸಾಲುಗಳೆಲ್ಲ ಕಂಪನಿಯ ಜನರಿಂದ ಭರ್ತಿ. ಮಕ್ಕಳ ತಾಯಂದಿರು ಅರ್ಧ ದಿನದ ರಜೆ ಹಾಕಿ ಬಂದು ಗೋಡೆಗೆ ಒರಗಿ ನಿಂತಿದ್ದರು. ವೇದಿಕೆಯ ಮೇಲೆ ಇಲಾಖೆಯ ಅಧಿಕಾರಿ, ಪಕ್ಕದಲ್ಲಿ ನಡಾವಳಿ ಬರೆಯುವ ಗುಮಾಸ್ತ. ಬಾಗಿಲ ಬಳಿ ಆಂಪ್ಲಿಫೈಯರ್ ಮುಂದೆ ಭಾವ.

ಮೊದಲು ಮಾತಾಡಿದವರೆಲ್ಲ ಕಾರ್ಖಾನೆಯನ್ನು ಹಾಡಿ ಹೊಗಳಿದರು. ಅಷ್ಟು ಹೊತ್ತೂ ಮೈಕು ಗಂಟೆ ಹೊಡೆದಂತೆ ಕೇಳುತ್ತಿತ್ತು. ಅಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದಳು.

"ಪಕ್ಕದ್ದು ವಾಸದ ಮನೆ ಅಂತ ಬರ್ದಿದೀರಲ್ಲ, ಆ ಮನೇಲಿ ಹಗಲು ಹೊತ್ತು ಯಾರಿರ್ತಾರೆ ಅಂತ..."

ಮ್ಯಾನೇಜರ ಕೈ ಜೇಬಿಗೆ ಹೋಯಿತು, ಕರವಸ್ತ್ರ ಮುಖಕ್ಕೆ ಬಂತು, ಮೈಕು ಸತ್ತಿತು. ಭಾವ ತಲೆ ಎತ್ತಲಿಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು. ಅಭ್ಯಾಸಬಲವೋ ಹೆದರಿಕೆಯೋ, ಕಟ್ಟಿಕೊಂಡ ಹೆಂಡತಿಯ ಬಾಯನ್ನೂ ಮುಚ್ಚಿಸಿಬಿಟ್ಟರಲ್ಲ!

"ಕರೆಂಟು ಹೋಯ್ತು ಅನ್ಸುತ್ತೆ. ಮೇಡಂ ಮಾತು ಮುಗೀತು, ಮುಂದಿನವರು ಬರ್ಲಿ," ಎಂದ ಮ್ಯಾನೇಜರು.

ಅಕ್ಕ ಮೇಲೆ ನೋಡಿದಳು. "ಫ್ಯಾನು ತಿರುಗ್ತಾ ಇದೆಯಲ್ಲ ಸ್ವಾಮಿ."

ಸಭೆಗೆ ಸಭೆಯೇ ಘೊಳ್ಳೆಂದಿತು. ಅಧಿಕಾರಿ ಮೇಜು ತಟ್ಟಿ, "ಕೂತ್ಕೊಳ್ಳಮ್ಮ, ನೀವು ಹೇಳಿದ್ದು ಬರ್ಕೊಂಡಾಗಿದೆ," ಎಂದರು.

"ಏನಂತ ಬರ್ಕೊಂಡ್ರಿ? ಓದಿಸಿ ಸರ್, ಕೇಳಿಸ್ಕೋತೀನಿ."

ಗುಮಾಸ್ತ ಅಧಿಕಾರಿಯ ಮುಖ ನೋಡಿದ. ಜನ "ಓದಿ, ಓದಿ" ಎಂದು ಕೂಗಿದರು. ಅವನು ಗಂಟಲು ಸರಿಮಾಡಿಕೊಂಡು ಓದಿದ: "ನೆರೆಯ ಮಹಿಳೆಯೊಬ್ಬರು ಯೋಜನೆಯನ್ನು ಸ್ವಾಗತಿಸಿ, ಧೂಳು ಬಾರದಂತೆ ನೋಡಿಕೊಳ್ಳಲು ಕೋರಿದರು."

ಇನ್ನೂ ಬಾಯಿಂದ ಬಾರದ ಮಾತಿಗೆ ಸ್ವಾಗತದ ಬಣ್ಣ ಬಳಿದಾಗಿತ್ತು! ಅಕ್ಕ ಕೂಗಾಡುತ್ತಾಳೆ ಎಂದುಕೊಂಡೆ. ಕೂಗಲಿಲ್ಲ. ತುಂಟ ಮಗುವಿನ ಕೈಯಿಂದ ಕಲ್ಲು ಬಿಡಿಸಿಕೊಳ್ಳುವಾಗಿನ ದನಿಯಲ್ಲಿ, "ಅದನ್ನ ಹೊಡೆದುಹಾಕಪ್ಪ. ನಾನು ಹೇಳ್ತೀನಿ, ನೀನು ಬರಿ," ಎಂದಳು. ಆಮೇಲೆ ಬಾಗಿಲ ಕಡೆ ತಿರುಗಿದಳು.

"ರೀ, ಸ್ವಿಚ್ಚು ಹಾಕಿ."

ಅಲ್ಲಿಯವರೆಗೆ ಮೈಕಿನವರು ಇವಳ ಗಂಡ ಎಂದು ಕಂಪನಿಯವರಿಗೆ ಗೊತ್ತಿರಲಿಲ್ಲ. ತಲೆಗಳೆಲ್ಲ ಅತ್ತ ಹೊರಳಿದವು. ಮ್ಯಾನೇಜರು ಕರವಸ್ತ್ರದಿಂದ ಮುಖ ತಿಕ್ಕಿದ, ಕತ್ತು ತಿಕ್ಕಿದ. ಭಾವ ಅವನನ್ನು ನೋಡಿದರು, ಅಕ್ಕನನ್ನು ನೋಡಿದರು. ಒಳಗಿನ ಸ್ವಿಚ್ಚು ಹಾಕಿದರು. ಜೊತೆಗೆ, ಯಾರೂ ಕೇಳದಿದ್ದರೂ, ಬೀದಿಗೆಲ್ಲ ಕೇಳುವಂತೆ ಹೊರಗಿನ ಕಂಬಕ್ಕೆ ಕಟ್ಟಿದ್ದ ಹಾರ್ನುಗಳನ್ನೂ ಜೋಡಿಸಿಬಿಟ್ಟರು. ಆ ಮನುಷ್ಯನನ್ನು ಅಪ್ಪಿಕೊಳ್ಳಬೇಕೆನ್ನಿಸಿತು.

ಅಕ್ಕ ಉಕ್ತಲೇಖನ ಬರೆಸುವಂತೆ ಬಿಡಿಸಿ ಬಿಡಿಸಿ ಹೇಳಿದಳು. "ಆ ಮನೇಲಿ ಹಗಲೆಲ್ಲ ಚಿಕ್ಕ ಮಕ್ಕಳಿರ್ತಾರೆ. ಬರ್ದ್ಯಾ? ನೆಲದ ಮೇಲೆ ಇದ್ದಿದ್ದೆಲ್ಲ ಅವ್ರ ಬಾಯಿಗೆ ಹೋಗುತ್ತೆ. ಸೀಸದ ಧೂಳು ಹೊಟ್ಟೆಗೆ ಹೋದ್ರೆ ಮಕ್ಕಳ ಬುದ್ಧಿ ಬೆಳೆಯಲ್ಲ ಅಂತ ಡಾಕ್ಟ್ರು ಹೇಳಿದಾರೆ. ನೆಲ ನಾನು ಒರೆಸ್ತೀನಿ, ಗಾಳಿ ಒರೆಸೋಕಾಗಲ್ಲ. ಈ ಜಾಗದಲ್ಲಿ ಈ ಕಾರ್ಖಾನೆ ಬೇಡ. ಷರತ್ತು ಹಾಕಿಯೂ ಬೇಡ."

ಗೋಡೆಗೆ ಒರಗಿದ್ದ ತಾಯಂದಿರು "ಷರತ್ತು ಹಾಕಿಯೂ ಬೇಡ" ಎಂದರು. ಹೊರಗೆ ಬೀದಿಯಿಂದಲೂ ಅದೇ ಮಾತು ಕೇಳಿಬಂತು. ಗುಮಾಸ್ತ ಅಷ್ಟನ್ನೂ ಮೈಕಿನಲ್ಲಿ ತಿರುಗಿ ಓದಿ ಹೇಳಿದ ಮೇಲೆಯೇ ಅಕ್ಕ ಕೂತಳು.

ಅಲ್ಲಿಗೆ ಮುಗಿಯಲಿಲ್ಲ. ಸಮಿತಿಯವರು ಬಂದು ಅಂಗಳ ನೋಡಿ, ಗೋಡೆ ಅಳೆದು, ತೀರ್ಮಾನ ಆಮೇಲೆ ಎಂದು ಹೋದರು. ಇತ್ತ ಭಾವನನ್ನು ಸಭೆಗಳಿಗೆ ಕರೆಯುವವರೇ ಇಲ್ಲವಾದರು. ಹಾರ್ನುಗಳು ಮಂಚದ ಕೆಳಗೆ ಸೇರಿದವು.

ಒಂದು ಮಧ್ಯಾಹ್ನ ಮಕ್ಕಳೆಲ್ಲ ಮಲಗಿದ್ದಾಗ ಮ್ಯಾನೇಜರು ಮನೆಗೇ ಬಂದ. ಸುರುಳಿ ಬಿಚ್ಚಿ ಒಂದು ನಕ್ಷೆ ಹರಡಿದ. ಊರಿನ ಆ ತುದಿಯಲ್ಲಿ ಮಕ್ಕಳಿಗೆ ಹೊಸ ಕಟ್ಟಡ, ಜೋಕಾಲಿ, ಟೈಲ್ಸಿನ ನೆಲ, ಎಲ್ಲ ಕಂಪನಿಯ ಖರ್ಚು. ಭಾವನಿಗೆ ವರ್ಷವಿಡೀ ಕೆಲಸ. ಆಕ್ಷೇಪಣೆ ಹಿಂತೆಗೆದುಕೊಂಡಿದ್ದೇನೆ ಎಂದು ಅಕ್ಕ ಒಂದು ಸಾಲು ಬರೆದುಕೊಟ್ಟರೆ ಸಮಿತಿಗೆ ತಕರಾರೇ ಉಳಿಯುವುದಿಲ್ಲವಂತೆ. ನಕ್ಷೆ ಚೆನ್ನಾಗಿತ್ತು, ಸುಳ್ಳೇಕೆ ಹೇಳಲಿ. ನಮ್ಮ ಸೋರುವ ಮಾಡಿನ ಕೆಳಗೆ ಅದು ಇನ್ನೂ ಚೆನ್ನಾಗಿ ಕಂಡಿತು. ಅಕ್ಕನೂ ಆ ಜೋಕಾಲಿಯನ್ನು ಬಹಳ ಹೊತ್ತು ನೋಡಿದಳು.

"ಇಲ್ಲಿಂದ ಆ ಕಡೆಗೆ ಹೋದ್ರಾಯ್ತು ಮೇಡಂ, ಅಷ್ಟೇ. ಹೋಗೋಕೇನು ಕಷ್ಟ?" ಎಂದ ಅವನು.

"ಹೋಗೋದು ಸುಲಭ ಅಂತ ನೀವೇ ಹೇಳ್ತಿದೀರಲ್ಲ, ನೀವೇ ಹೋಗಿ. ನಮ್ಮ ಮಕ್ಕಳಿಗೆ ಇನ್ನೂ ನಡೆಯೋಕೇ ಬರಲ್ಲ," ಎಂದಳು ಅಕ್ಕ. "ಮೆತ್ತಗೆ ಹೋಗಿ, ಮಲಗಿದಾರೆ."

ಭಾವ ಎದ್ದು ಬಾಗಿಲು ತೆರೆದು ಹಿಡಿದರು.

ಆ ಜಾಗದಲ್ಲಿ ಪರವಾನಗಿ ಇಲ್ಲ ಎಂಬ ಆದೇಶ ಮಳೆಗಾಲ ಮುಗಿಯುವ ಹೊತ್ತಿಗೆ ಬಂತು. ಕಂಪನಿಯವರು ಮೇಲ್ಮನವಿ ಹಾಕುತ್ತಾರಂತೆ. ಹಾಕಲಿ.